ಮಾಲ್ಡೀವ್ಸ್‌ಗೆ ಹೊರಟವರು ಮೊದಲು ಕೇಳಬೇಕಾದ ಕಾಗದ

ಪ್ರಶ್ನೆ: ನನಗೆ 34. ದಾವಣಗೆರೆಯ ಖಾಸಗಿ ಶಾಲೆಯಲ್ಲಿ ಗಣಿತ ಟೀಚರ್, ಸಂಬಳ 21,000. ಮಾಲ್ಡೀವ್ಸ್‌ನ ಒಂದು ದ್ವೀಪದ ಶಾಲೆಯಲ್ಲಿ ತಿಂಗಳಿಗೆ 14,000 ರುಫಿಯಾ ಕೊಡ್ತಾರಂತೆ, ನಮ್ಮ ದುಡ್ಡಲ್ಲಿ 80,000 ಆಗುತ್ತೆ ಅಂತಾರೆ ಏಜೆಂಟ್. ಅವರಿಗೆ ಒಂದೂವರೆ ಲಕ್ಷ ಕೊಡಬೇಕು. ಸದ್ಯಕ್ಕೆ ಟೂರಿಸ್ಟ್ ಆಗಿ ಹೋಗಿ, ಪರ್ಮಿಟ್ ಅಲ್ಲೇ ಮಾಡಿಸೋಣ ಅಂದಿದ್ದಾರೆ. ಮನೆ ಸಾಲ ಇದೆ, ಗಂಡ ಒಪ್ಪಿದ್ದಾರೆ. ಏಳು ವರ್ಷದ ಮಗಳನ್ನು ಬಿಟ್ಟು ಹೋಗ್ತೀಯಾ ಎಂದು ಅತ್ತೆ ಮಾತೇ ಬಿಟ್ಟಿದ್ದಾರೆ. ಹೋಗಲೇ, ಬೇಡವೇ?

ಉತ್ತರ: ಏಜೆಂಟ್ ಹೇಳಿದ ರೀತಿಯಲ್ಲಾದರೆ ಖಂಡಿತ ಬೇಡ. ಟೂರಿಸ್ಟ್ ಆಗಿ ಹೋಗಿ ಪಾಠ ಮಾಡುವುದು ಅಲ್ಲಿ ಅಪರಾಧ. ಸಿಕ್ಕಿಬಿದ್ದರೆ ವಾಪಸ್ ಕಳಿಸುವುದು ನಿಮ್ಮನ್ನು, ಏಜೆಂಟರನ್ನಲ್ಲ. ಸಂಬಳ ಕೊಡದಿದ್ದರೆ ದೂರು ಕೊಡಲು ಕೈಯಲ್ಲಿ ಕಾಗದವೂ ಇರುವುದಿಲ್ಲ. ನೀವು ವಿಮಾನ ಹತ್ತುವ ಮೊದಲೇ ಶಾಲೆಯವರು ನಿಮ್ಮ ಹೆಸರಿನಲ್ಲಿ ಎಂಪ್ಲಾಯ್‌ಮೆಂಟ್ ಅಪ್ರೂವಲ್, ಅಂದರೆ ನಿಮ್ಮನ್ನು ಕೆಲಸಕ್ಕೆ ಕರೆಸಿಕೊಳ್ಳಲು ಅಲ್ಲಿನ ಸರ್ಕಾರದ ಅನುಮತಿ, ಪಡೆದಿರಬೇಕು. ಅದರಲ್ಲಿರುವ ಹೆಸರು, ಹುದ್ದೆ, ಸಂಬಳ ಆಫರ್ ಲೆಟರ್‌ಗೆ ತಾಳೆಯಾಗಬೇಕು. ಅಲ್ಲಿಗೆ ಹೋದ ಮೇಲೆ ಮಾಡಿಸುವುದು ವೈದ್ಯಕೀಯ ಪರೀಕ್ಷೆ ಮತ್ತು ವರ್ಕ್ ಪರ್ಮಿಟ್.

ಇನ್ನು ಒಂದೂವರೆ ಲಕ್ಷ. ನೋಂದಾಯಿತ ಏಜೆಂಟ್ ಪಡೆಯಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಮೇಲೆ ಜಿಎಸ್‌ಟಿ. ನಮ್ಮ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ಅವರ ನೋಂದಣಿ ಸಂಖ್ಯೆ ನೋಡಿ. 'ಮಾಲ್ಡೀವ್ಸ್‌ಗೆ ಎಮಿಗ್ರೇಷನ್ ಕ್ಲಿಯರೆನ್ಸ್ (ಕೆಲಸಕ್ಕೆ ಹೊರದೇಶಕ್ಕೆ ಹೋಗಲು ನಮ್ಮ ಸರ್ಕಾರದ ಅನುಮತಿ) ಬೇಡ, ಅದಕ್ಕೆ ನನಗೆ ನೋಂದಣಿಯೂ ಬೇಡ' ಎಂದು ಏಜೆಂಟ್ ಹೇಳಬಹುದು. ಮೊದಲರ್ಧ ನಿಜ, ಎರಡನೆಯದು ಸುಳ್ಳು.

80,000ದ ಲೆಕ್ಕ ಕಾಗದದ ಮೇಲೆ ಸರಿಯೇ. ಅಧಿಕೃತ ದರ ಡಾಲರ್‌ಗೆ 15.42 ರುಫಿಯಾ, ಅಂದರೆ 908 ಡಾಲರ್. ಆದರೆ ಅಲ್ಲಿ ಡಾಲರಿಗೇ ಬರ. ಕೈಗೆ ಬಂದ ರುಫಿಯಾವನ್ನೆಲ್ಲ ಬ್ಯಾಂಕು ಡಾಲರ್ ಮಾಡಿ ಊರಿಗೆ ಕಳಿಸುವುದಿಲ್ಲ, ತಿಂಗಳಿಗೆ ಇಷ್ಟೇ ಎಂಬ ಮಿತಿ ಇರುತ್ತದೆ. ಹೊರಗಿನ ಕಳ್ಳಪೇಟೆಯಲ್ಲಿ ಡಾಲರ್‌ಗೆ 18 ರುಫಿಯಾದಂತೆ ಕೊಂಡರೆ ಅದೇ ಸಂಬಳ 778 ಡಾಲರ್‌ಗೆ ಇಳಿಯುತ್ತದೆ, ಜೊತೆಗೆ ಕಾನೂನಿನ ಭಯ. ಸಾಲದ ಕಂತು ಕಟ್ಟಬೇಕಾದ ನಿಮಗೆ ಇದೇ ನಿಜವಾದ ಗಂಟು. ಸಂಬಳ ಡಾಲರ್‌ನಲ್ಲಿ ಕೊಡ್ತಾರಾ, ಸಂಬಳ ಹಾಕುವ ಅಲ್ಲಿನ ಬ್ಯಾಂಕಿನ ಈಗಿನ ಮಿತಿ ಎಷ್ಟು, ಎರಡನ್ನೂ ಬರಹದಲ್ಲಿ ಕೇಳಿ. ವಸತಿ ಯಾರದು ಎಂಬುದನ್ನೂ ಕೇಳಿ. ಬಾಡಿಗೆ ನಿಮ್ಮದಾದರೆ ಉಳಿಯುವುದು ಕಡಿಮೆ.

ಅತ್ತೆಯವರ ಮಾತಿಗೆ ಬರೋಣ. ರಾತ್ರಿ ಜ್ವರ ಬಂದರೆ ಎದ್ದು ಕೂರುವುದು, ಬೆಳಗ್ಗೆ ಜಡೆ ಹಾಕಿ ಶಾಲೆಗೆ ಕಳಿಸುವುದು, ಎಲ್ಲ ಅವರ ತಲೆಗೇ ಬರುತ್ತದೆ. ಆ ಬಗ್ಗೆ ಅವರನ್ನು ಯಾರೂ ಕೇಳಿದಂತಿಲ್ಲ. 'ಒಪ್ಪಿದ್ದಾರೆ' ಎಂದಿರಲ್ಲ, ನಿಮ್ಮ ಗಂಡ ಇದರಲ್ಲಿ ಯಾವುದನ್ನು ಮಾಡುತ್ತಾರೆ? ಅದನ್ನು ಅವರೇ ತಾಯಿಯ ಮುಂದೆ ಹೇಳಲಿ. ಕೆಲಸದವರನ್ನು ಇಡುವ ಖರ್ಚನ್ನು ನಿಮ್ಮ ಲೆಕ್ಕದಲ್ಲಿ ಸೇರಿಸಿ. ಎಷ್ಟು ವರ್ಷ ಎಂಬುದನ್ನೂ ಹೊರಡುವ ಮುನ್ನ ಹೇಳಿಬಿಡಿ. ಅಲ್ಲಿನ ಕಾನೂನಿನಂತೆ ಒಂದು ವರ್ಷ ಕೆಲಸ ಮಾಡಿದವರಿಗೆ 30 ದಿನ ವಾರ್ಷಿಕ ರಜೆ ಇದೆ. ಆದರೆ ಸಮುದ್ರ ಕೆಟ್ಟಾಗ ದೋಣಿ ಬಿಡುವುದಿಲ್ಲ, ಕರೆದ ಕೂಡಲೇ ಓಡಿಬರಲು ಆಗದು ಎಂಬುದನ್ನೂ ಮುಚ್ಚಿಡಬೇಡಿ.

ಹೊರಡುವುದೇ ಆದರೆ ಪದವಿ, ಬಿ.ಎಡ್. ಪತ್ರಗಳ ದೃಢೀಕರಣ ಮತ್ತು ಪೊಲೀಸ್ ಕ್ಲಿಯರೆನ್ಸ್ ಇಲ್ಲೇ ಮಾಡಿಸಿ. ಪೂಜೆಯ ವಿಗ್ರಹ ಒಯ್ಯಬೇಡಿ, ಕಸ್ಟಮ್ಸ್‌ನವರು ಬಿಡುವುದಿಲ್ಲ. ಇಲ್ಲಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ (ಅನಿವಾಸಿ ಭಾರತೀಯರ ಖಾತೆ) ಮಾಡಿಸಿ. ಅಪ್ರೂವಲ್ ಪ್ರತಿ ಕೈಗೆ ಬರುವ ತನಕ ಈಗಿನ ಶಾಲೆಗೆ ರಾಜೀನಾಮೆ ಕೊಡಬೇಡಿ, ಏಜೆಂಟರಿಗೆ ಮುಂಗಡವನ್ನೂ ಕೊಡಬೇಡಿ.