ಓದುಗರ ಪ್ರಶ್ನೆ: ಬೆಲೆ ಬಿದ್ದ ಮೇಲಿನ ತೋಟದ ಕಥೆ

ಪ್ರಶ್ನೆ: ತೊಂಬತ್ತರ ದಶಕದಲ್ಲಿ ಕಾಫಿಗೆ ಬಂಗಾರದ ಬೆಲೆ ಬಂದು ಆಮೇಲೆ ನೆಲಕಚ್ಚಿದ ಕಾಲದ ಮೇಲೆ ಕಾದಂಬರಿ ಬರೆಯುತ್ತಿದ್ದೇನೆ. ಹತ್ತೆಕರೆ ಅರೇಬಿಕಾ ಕಾಫಿ ಇರುವ ಮನೆ. ಬೆಲೆ ಕುಸಿದ ಸುದ್ದಿ ಬಂದ ದಿನವೇ ಮನೆತನ ಕುಸಿಯುವಂತೆ ಬರೆದೆ. ಓದಿದ ಗೆಳೆಯರು "ಹಾಗೆಲ್ಲ ಆಗೋಲ್ಲ ಮಾರಾಯ" ಅಂದರು. ಎಲ್ಲಿ ತಪ್ಪಿದೆ?
(ಮೂಡಿಗೆರೆಯ ಓದುಗರು)

ಉತ್ತರ: ಗೆಳೆಯರ ಮಾತು ಸರಿ. ಬೆಲೆ ಬಿದ್ದ ದಿನ ತೋಟದ ಮನೆಯಲ್ಲಿ ಏನೂ ಆಗುವುದಿಲ್ಲ. "ಬ್ರೆಜಿಲ್‌ನಲ್ಲಿ ಇನ್ನೊಂದ್ಸಲ ಹಿಮ ಬಿದ್ರೆ ಸಾಕು" ಅಂದುಕೊಂಡು ಮೂಟೆ ಕಟ್ಟಿಟ್ಟು ಕಾಯುತ್ತಾರೆ. ಆ ಆಸೆ ಹುಚ್ಚೂ ಅಲ್ಲ. 1994ರ ಜೂನ್‌, ಜುಲೈನಲ್ಲಿ ಅಲ್ಲಿನ ಕಾಫಿ ಗಿಡಗಳನ್ನು ಹಿಮ ಸುಟ್ಟು ಬೆಲೆ ಏರಿದ್ದರಿಂದಲೇ ಇಲ್ಲಿ ಹಣ ಹರಿದದ್ದು.

ಆ ಹಣ ಹೇಗೆ ಬಂತು ಎನ್ನುವುದು ನಿಮ್ಮ ಮೊದಲ ಭಾಗದ ಜೀವ. ಅದಕ್ಕೆ ಮುಂಚೆ ಸುಮಾರು ಐದು ದಶಕ ಬೆಳೆಗಾರ ತನ್ನ ಕಾಫಿಯನ್ನು ಕಾಫಿ ಮಂಡಳಿಯ ಪೂಲಿಗೆ (ಎಲ್ಲರ ಕಾಫಿಯನ್ನೂ ಒಟ್ಟುಗೂಡಿಸಿ ಮಂಡಳಿಯೇ ಮಾರುವ ವ್ಯವಸ್ಥೆ) ಒಪ್ಪಿಸಿ, ದುಡ್ಡನ್ನು ಕಂತುಕಂತಾಗಿ ಪಡೆಯುತ್ತಿದ್ದ. ಕಂತಿನಲ್ಲಿ ಬಂದದ್ದು ಕಂತಿನಲ್ಲೇ ಖರ್ಚಾಗುತ್ತಿತ್ತು. 1992ರಿಂದ ಆ ಕಟ್ಟು ಹಂತಹಂತವಾಗಿ ಸಡಿಲಾಗಿ, 1996ಕ್ಕೆ ಮಾರಾಟ ಪೂರ್ತಿ ಮುಕ್ತವಾಯಿತು. ವರ್ಷದ ಬೆಳೆಯ ದುಡ್ಡು ಒಂದೇ ಸಲ, ಅದೂ ಏರಿದ ದರದಲ್ಲಿ, ಕೈಗೆ ಬಂತು. ನಿಮ್ಮ ಯಜಮಾನನನ್ನು ಇಸ್ಪೀಟಿಗೆ ಕೂರಿಸಬೇಕಿಲ್ಲ. ಒಂದು ಜೀಪು, ಮಗಳ ಮದುವೆ, ಸಾಲ ಮಾಡಿ ಕೊಂಡ ಪಕ್ಕದ ಐದೆಕರೆ, ಇಷ್ಟು ಸಾಕು.

ಲೆಕ್ಕವನ್ನು ಅವನ ತಲೆಯೊಳಗೇ ಓಡಿಸಿ. 1997ರ ಮೇನಲ್ಲಿ ನ್ಯೂಯಾರ್ಕ್‌ ಪೇಟೆಯಲ್ಲಿ ಅರೇಬಿಕಾ ಪೌಂಡಿಗೆ 3 ಡಾಲರ್‌ ದಾಟಿತ್ತು. 2001ರ ಕೊನೆಗೆ ಅರ್ಧ ಡಾಲರ್‌ಗಿಂತ ಕೆಳಗೆ. ಪೌಂಡ್‌ ಅಂದರೆ 454 ಗ್ರಾಂ. ಡಾಲರ್‌ ಆಗ 36 ರೂಪಾಯಿಯ ಹತ್ತಿರ, ಆಮೇಲೆ 48. ಅಂದರೆ ಕೆಜಿಗೆ 238 ರೂಪಾಯಿ ಇದ್ದದ್ದು 53ರ ಕೆಳಗೆ ಇಳಿಯಿತು. ತೋಟದ ಬಾಗಿಲಲ್ಲಿ ಸಿಗುವುದು ಇದಕ್ಕಿಂತ ಕಡಿಮೆ. ವಿಯೆಟ್ನಾಂ ರೋಬಸ್ಟಾವನ್ನು (ಕಾಫಿಯ ಇನ್ನೊಂದು ಜಾತಿ) ಪೇಟೆಗೆ ಸುರಿದದ್ದು ದೊಡ್ಡ ಕಾರಣ, ಆದರೆ ಅದನ್ನು ಒಂದು ವಾಕ್ಯದಲ್ಲಿ ಮುಗಿಸಿ. ಬ್ಯಾಂಕಿನ ಕಂತು ಮಾತ್ರ 238ರ ಕಾಲದ್ದೇ.

ನಿಜವಾದ ಕುಸಿತ ಗಿಡದಲ್ಲಿ ಆಗುತ್ತದೆ, ತಡವಾಗಿ. ಕೈ ಬಿಗಿಯಾದಾಗ ಮೊದಲು ಗೊಬ್ಬರ ನಿಲ್ಲುತ್ತದೆ, ಆಮೇಲೆ ಬೋರರ್‌ (ಬಿಳಿ ಕಾಂಡಕೊರಕ ಹುಳು) ಹೊಕ್ಕ ಗಿಡ ಹುಡುಕುವ ಆಳು. ಬಿಳಿ ಕಾಂಡಕೊರಕದ ದುಂಬಿ ಹಾರುವುದು ಏಪ್ರಿಲ್‌, ಮೇನಲ್ಲಿ ಮತ್ತೆ ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ. ಅದಕ್ಕೆ ಮುಂಚೆ, ಮಾರ್ಚ್‌ ಮತ್ತು ಸೆಪ್ಟೆಂಬರಿನಲ್ಲಿ, ಕಾಂಡದ ಮೇಲೆ ಉಬ್ಬುಗೆರೆ ಎದ್ದ, ಎಲೆ ಹಳದಿಯಾದ ಗಿಡಗಳನ್ನು ಬೇರುಸಹಿತ ಕಿತ್ತು ಸುಡಬೇಕು. ಒಂದು ಸುತ್ತು ತಪ್ಪಿದರೆ ಪಕ್ಕದ ಗಿಡಗಳಿಗೂ ಮೊಟ್ಟೆ. ಇದರ ಮೇಲೆ ನಿಮ್ಮ ಯಜಮಾನ ಕಂತು ಕಟ್ಟಲು ನೆರಳಿಗೆ ಬೆಳೆಸಿದ ಸಿಲ್ವರ್‌ ಓಕ್‌ ಕಡಿಸಿ ಮಾರಲಿ. ಮರ ಹೋದರೆ ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿಯೂ ಹೋಯಿತು. ನೆರಳು ತೆಳುವಾಗಿ ಬಿಸಿಲು ನೇರ ಕಾಂಡಕ್ಕೆ ಬೀಳುತ್ತದೆ, ಕೊರಕಕ್ಕೆ ಬೇಕಾದದ್ದೂ ಅದೇ. ಸಾಲ ತೀರಿಸಲು ಎತ್ತಿದ ಕೊಡಲಿ ಅರೇಬಿಕಾವನ್ನೇ ಕೊಲ್ಲುತ್ತದೆ. ಹೊಸ ಗಿಡ ನೆಟ್ಟರೆ ಫಸಲಿಗೆ ಮೂರು ನಾಲ್ಕು ವರ್ಷ. ಬೆಲೆ ಮತ್ತೆ ಏರುವ ಹೊತ್ತಿಗೆ ಕುಯ್ಯಲು ಕಾಯಿ ಇಲ್ಲ. ನಿಮ್ಮ ಕಾದಂಬರಿಯ ಅತಿ ಕಹಿ ಅಧ್ಯಾಯ ಬೆಲೆ ಏರಿದ ವರ್ಷದ್ದಾಗಬೇಕು ಎಂದೇ ನಮ್ಮ ಅಭಿಪ್ರಾಯ.

ಪ್ರಶ್ನೆ: ಇದೇ ಕಾಲವನ್ನು ತೋಟದ ಆಳುಗಳ ಲೈನು ಮನೆಯ ಹೆಂಗಸೊಬ್ಬಳ ಕಣ್ಣಲ್ಲಿ ಬರೆಯಬಹುದೇ? ಕಷ್ಟ ಯಾವಾಗ ಶುರುವಾಗುತ್ತದೆ?
(ಸಕಲೇಶಪುರದ ಓದುಗರು)

ಉತ್ತರ: ಖಂಡಿತ ಬರೆಯಿರಿ, ಆದರೆ ಕುಯ್ಲಿನಲ್ಲಿ ಶುರು ಮಾಡಬೇಡಿ. ಬೆಲೆ ಎಷ್ಟೇ ಇರಲಿ ಹಣ್ಣು ಕುಯ್ಯಲೇಬೇಕು. ನವೆಂಬರಿನಿಂದ ಫೆಬ್ರವರಿವರೆಗೆ ಕೆಲಸ ಇದ್ದೇ ಇರುತ್ತದೆ. ಅವಳಿಗೆ ಸುಳಿವು ಸಿಗುವುದು ಮಳೆಗಾಲದಲ್ಲಿ. ಮರಗಸಿಗೆ (ನೆರಳಿನ ಮರದ ಕೊಂಬೆ ಸವರುವ ಕೆಲಸಕ್ಕೆ) ಜನ ಕರೆಯಲಿಲ್ಲ, ಕಳೆ ಒಂದೇ ಸುತ್ತು, ವಾರಕ್ಕೆ ಆರು ದಿನ ಇದ್ದ ಕೆಲಸ ಮೂರು ದಿನವಾಯಿತು. ಬಟವಾಡೆಯ ದಿನ ತೋಟದ ಲೆಕ್ಕ ಬರೆಯುವ ರೈಟರ್‌ ಅರ್ಧ ಕೊಟ್ಟು "ಉಳಿದದ್ದು ಮುಂದಿನ ವಾರ ಕಣಮ್ಮ" ಅನ್ನುತ್ತಾನೆ. ಅಂಗಡಿಯ ಉದ್ರಿ ಪುಸ್ತಕದಲ್ಲಿ ಅವಳ ಹಾಳೆ ತುಂಬುತ್ತದೆ. ಬೆಲೆಯ ಅಂಕಿ ಅವಳ ಬಾಯಲ್ಲಿ ಒಮ್ಮೆಯೂ ಬರಬೇಕಿಲ್ಲ.

ಕಾನೂನು ತರುವುದಾದರೆ ಎಚ್ಚರ. 1951ರ ತೋಟ ಕಾರ್ಮಿಕರ ಕಾಯ್ದೆ ಆ ಕಾಲದಲ್ಲಿ ಸಾಮಾನ್ಯವಾಗಿ 5 ಹೆಕ್ಟೇರ್‌, ಅಂದರೆ ಸುಮಾರು ಹನ್ನೆರಡೂವರೆ ಎಕರೆ ಇದ್ದು, 15 ಅಥವಾ ಹೆಚ್ಚು ಆಳಿರುವ ತೋಟಕ್ಕೆ ಅನ್ವಯವಾಗುತ್ತಿತ್ತು. ಮೇಲಿನ ಪ್ರಶ್ನೆಯ ಹತ್ತೆಕರೆ ಅದರ ಹೊರಗೆ. ಪಕ್ಕದ ಐದೆಕರೆ ಸೇರಿಸಿಕೊಂಡರೆ, ಅಷ್ಟು ಆಳೂ ಇದ್ದರೆ, ಒಳಗೆ. ಮನೆ, ಔಷಧಿ, ರಜೆ ಎಲ್ಲವೂ ಬೇರೆಯವರಿಗೆ ಹಕ್ಕು, ಇವಳಿಗೆ ಸಾಹುಕಾರರ ದಯೆ: ಈ ಗೆರೆಯ ಮೇಲೆಯೇ ಒಂದು ಜಗಳ ಕಟ್ಟಬಹುದು.

ಪ್ರಶ್ನೆ: ಸೋತ ಬೆಳೆಗಾರ ವೆನಿಲಾ ಹಾಕಿ ಉಳಿದುಕೊಂಡ ಎಂದು ಮುಗಿಸಿದರೆ?
(ಕೊಪ್ಪದ ಓದುಗರು)

ಉತ್ತರ: ಹಾಕಲಿ, ಉಳಿಯುವುದು ಅನುಮಾನ. 2000ದ ಏಪ್ರಿಲ್‌ನಲ್ಲಿ ಮಡಗಾಸ್ಕರ್‌ಗೆ ಚಂಡಮಾರುತ ಬಡಿದ ಮೇಲೆ ಬೆಲೆ ಏರುತ್ತ ಹೋಗಿ, 2003ರಲ್ಲಿ ಹಸಿ ಕೋಡಿಗೆ ಇಲ್ಲೂ ಕೆಜಿಗೆ ಸಾವಿರಗಟ್ಟಲೆ ಸಿಕ್ಕಿತು. ಅದನ್ನು ನೋಡಿ ನೆಟ್ಟ ಬಳ್ಳಿ ಹೂ ಬಿಡಲು ಸುಮಾರು ಮೂರು ವರ್ಷ. ಅಷ್ಟರಲ್ಲಿ ಪೇಟೆ ಬಿದ್ದಿತ್ತು. ಬೆಳಗ್ಗೆ ಅರಳಿದ ಹೂವಿಗೆ ಮಧ್ಯಾಹ್ನದೊಳಗೆ, ಚೂಪು ಕಡ್ಡಿಯಿಂದ ಒಳಗಿನ ತೆಳು ಪೊರೆ ಎತ್ತಿ, ಬೆರಳಲ್ಲಿ ಒತ್ತಿ ಪರಾಗಸ್ಪರ್ಶ ಮಾಡಿಸಬೇಕು. ತಪ್ಪಿದರೆ ಹೂ ಉದುರುತ್ತದೆ. ಕೋಡು ಬಲಿಯಲು ಒಂಬತ್ತು ತಿಂಗಳು. ನಿಮ್ಮ ಕಥೆಯಲ್ಲಿ ದುಡ್ಡು ಮಾಡುವವನೊಬ್ಬ ಬೇಕೇ ಬೇಕೆಂದರೆ, ಅವನು ಕೋಡು ಮಾರಿದವನಲ್ಲ, 2002ರಲ್ಲಿ ನೆರೆಹೊರೆಗೆಲ್ಲ ಬಳ್ಳಿಯ ತುಂಡು ಮಾರಿದವನು.