ಆಯಿಲ್ ಒಲೆಯ ಮೇಲೆ, ವಿಮಾನ ಕೆರೆಯ ಮೇಲೆ

ಕೆನಡಾದ ಉತ್ತರ ಭಾಗದ ಕಾಡು, ಸರೋವರಗಳ ನಡುವೆ 1930ರಿಂದ 1960ರ ದಶಕದವರೆಗೆ ಓಡಾಡಿದ ಸಣ್ಣ ವಿಮಾನಗಳ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಲದ ಅಂಕಣವನ್ನು ಬಿಟ್ಟುಕೊಟ್ಟಿದ್ದೇವೆ. ಹೆಚ್ಚಿನವರು ಕೇಳಿರುವುದು ಹಾರಾಟದ ಬಗ್ಗೆ. ಉತ್ತರಗಳಲ್ಲಿ ಹೆಚ್ಚಿನವು ನೆಲದ ಮೇಲಿನ ಕೆಲಸದ ಬಗ್ಗೆ ಇವೆ. ಆ ಕಸುಬು ಇದ್ದದ್ದೇ ಹಾಗೆ.

ಪ್ರ: ‘ಬುಷ್ ಪ್ಲೇನ್’ ಎಂಬುದು ಬೇರೆಯೇ ಜಾತಿಯ ವಿಮಾನವೋ, ಕಾಡಿಗೆ ಹೋದ ಯಾವ ವಿಮಾನಕ್ಕಾದರೂ ಆ ಹೆಸರೋ? ಎಲ್ಲರೂ ‘ಬೀವರ್, ಬೀವರ್’ ಎನ್ನುವುದೇಕೆ? (ಶಿವಮೊಗ್ಗ)

ಉ: ಮೊದಮೊದಲು ನೀವು ಹೇಳಿದ ಎರಡನೆಯದೇ ನಿಜವಾಗಿತ್ತು. ಆ ಊರುಗಳಿಗೆ ರಸ್ತೆ ಇಲ್ಲ, ರನ್‌ವೇ ಇಲ್ಲ, ಇರುವುದು ಸರೋವರ ಒಂದೇ. ಬೇಸಿಗೆಯಲ್ಲಿ ಅದು ನೀರು, ಚಳಿಗಾಲದಲ್ಲಿ ಗಟ್ಟಿ ಮೈದಾನ. ಸಿಕ್ಕ ವಿಮಾನಕ್ಕೆ ಬೇಸಿಗೆಯಲ್ಲಿ ದೋಣಿಯಂಥ ಫ್ಲೋಟ್, ಚಳಿಗಾಲದಲ್ಲಿ ಹಿಮದ ಮೇಲೆ ಜಾರುವ ಪಟ್ಟಿಯಂಥ ಸ್ಕೀ ಕಟ್ಟಿ ಹಾರಿಸುತ್ತಿದ್ದರು. ನೀರು ಹೆಪ್ಪುಗಟ್ಟುವ ಮತ್ತು ಮಂಜುಗಡ್ಡೆ ಒಡೆಯುವ ಕೆಲವು ವಾರಗಳಲ್ಲಿ ಎರಡೂ ನಡೆಯದು. ಆಗ ವಿಮಾನ ದಡದಲ್ಲಿ, ಪೈಲಟ್ ಮನೆಯಲ್ಲಿ.

ಈ ಕೆಲಸಕ್ಕೆಂದೇ ಮಾಂಟ್ರಿಯಲ್‌ನಲ್ಲಿ ರಾಬರ್ಟ್ ನೂರ್ಡೈನ್ ಕಟ್ಟಿದ ‘ನಾರ್ಸ್‌ಮನ್’ 1935ರ ನವೆಂಬರ್ 14ರಂದು ಮೊದಲ ಬಾರಿ ಹಾರಿತು, ಅದೂ ಫ್ಲೋಟ್ ಮೇಲೆ. ಬೆಸುಗೆ ಹಾಕಿದ ಉಕ್ಕಿನ ಕೊಳವೆಯ ಮೈ, ಮರದ ರೆಕ್ಕೆ, ಮೇಲೆ ಬಟ್ಟೆ. ಮೊದಲ ಮಾದರಿಗೆ ಎಂಜಿನ್ ಶಕ್ತಿ ಸಾಲಲಿಲ್ಲ. ಪ್ರಾಟ್ ಅಂಡ್ ವಿಟ್ನಿಯ 600 ಅಶ್ವಶಕ್ತಿಯ ‘ವಾಸ್ಪ್’ ಕೂರಿಸಿದ ಮೇಲೆ ಅದು ಲಾರಿಯಂತೆ ದುಡಿಯಿತು.

ಬೀವರ್ ಹಾರಿದ್ದು 1947ರ ಆಗಸ್ಟ್ 16ರಂದು, ಟೊರಾಂಟೊದ ಡೌನ್ಸ್‌ವ್ಯೂನಲ್ಲಿ, ರಸ್ ಬ್ಯಾನಕ್ ಕೈಯಲ್ಲಿ. ಇದರ ವಿಶೇಷ ಏನೆಂದರೆ ಅದನ್ನು ಕಟ್ಟಿದ ಡಿ ಹ್ಯಾವಿಲೆಂಡ್ ಕೆನಡಾ ಕಂಪನಿಯವರು ನಕ್ಷೆ ಮುಗಿಸುವ ಮೊದಲು ಓಡಿಸುವವರನ್ನೇ ಕೇಳಿದರು. ಆ ಕೆಲಸಕ್ಕೆ ಸಿಕ್ಕವನು ಸ್ವತಃ ಹೆಸರಾಂತ ಬುಷ್ ಪೈಲಟ್ ಪಂಚ್ ಡಿಕಿನ್ಸ್. ಬಂದ ಉತ್ತರಗಳಲ್ಲಿ ವೇಗದ ಮಾತು ಕಡಿಮೆ. ಎಂಜಿನ್ ಶಕ್ತಿ ಜಾಸ್ತಿ ಬೇಕು, ಬಾಗಿಲು ಎರಡೂ ಬದಿಗೆ ಬೇಕು, ದೊಡ್ಡದಿರಬೇಕು ಎಂಬುದೇ ಬೇಡಿಕೆ. ಗಾಳಿಗೆ ವಿಮಾನ ಯಾವ ಮಗ್ಗುಲಲ್ಲಿ ಕಟ್ಟೆಗೆ ತಾಗುತ್ತದೋ ಹೇಳಲಾಗದು. ಬಾಗಿಲು ಒಂದೇ ಬದಿಗಿದ್ದರೆ ನೀರಿನ ಮೇಲೆ ವಿಮಾನವನ್ನು ತಿರುಗಿಸಿ ನಿಲ್ಲಿಸುವುದೇ ಅರ್ಧ ಗಂಟೆಯ ರಗಳೆ. ಹಾಗಾಗಿ ಎರಡೂ ಬದಿಗೆ, 205 ಲೀಟರಿನ ಡ್ರಮ್ಮನ್ನು ಉರುಳಿಸಿ ಒಳಗೆ ತಳ್ಳುವಷ್ಟು ಅಗಲದ ಬಾಗಿಲು ಬಂತು. ಪೆಟ್ರೋಲ್ ಟ್ಯಾಂಕುಗಳು ರೆಕ್ಕೆಯಲ್ಲಿಲ್ಲ, ಹೊಟ್ಟೆಯಲ್ಲಿ ಮೂರು ಸಾಲಾಗಿವೆ. ಫ್ಲೋಟ್ ಮೇಲೆ ನಿಂತೇ ತುಂಬಿಸಬಹುದು, ಮಂಜು ಹಿಡಿದ ರೆಕ್ಕೆಯ ಮೇಲೆ ಡಬ್ಬ ಹೊತ್ತು ಹತ್ತಬೇಕಿಲ್ಲ. ಮೊದಲು ಅದಕ್ಕೆ ಹಾಕಬೇಕೆಂದಿದ್ದ ಎಂಜಿನ್ ಇನ್ನೂ ಚಿಕ್ಕದು. ಕೊನೆಗೆ ಯುದ್ಧ ಮುಗಿದು ಅಗ್ಗಕ್ಕೆ ಸಿಗುತ್ತಿದ್ದ, ಒಂಬತ್ತು ಸಿಲಿಂಡರಿನ, 450 ಅಶ್ವಶಕ್ತಿಯ ‘ವಾಸ್ಪ್ ಜೂನಿಯರ್’ ಕೂರಿಸಿದರು. ನಮ್ಮ ಅಭಿಪ್ರಾಯದಲ್ಲಿ ಬೀವರನ್ನು ಬೀವರ್ ಮಾಡಿದ್ದು ಆ ಒಂದು ತೀರ್ಮಾನ. 1967ರವರೆಗೆ 1,600ಕ್ಕೂ ಹೆಚ್ಚು ತಯಾರಾದವು.

ಪ್ರ: ರಾತ್ರಿ ಎಂಜಿನ್ ಆಯಿಲ್ ಪೂರ್ತಿ ಇಳಿಸಿ, ಬೆಳಿಗ್ಗೆ ಒಲೆಯ ಮೇಲೆ ಕಾಯಿಸಿ ಮತ್ತೆ ತುಂಬುತ್ತಿದ್ದರಂತೆ. ನಾನು ಲಾರಿ ಮೆಕ್ಯಾನಿಕ್, ನನಗೇ ನಂಬಿಕೆ ಬರುತ್ತಿಲ್ಲ. (ಮಂಡ್ಯ)

ಉ: ನಂಬಿ. ಆ ಎಂಜಿನ್‌ಗಳಿಗೆ ಹಾಕುತ್ತಿದ್ದುದು ಬಹಳ ದಪ್ಪ ಆಯಿಲ್. ಸೊನ್ನೆಗಿಂತ 40 ಡಿಗ್ರಿ ಕೆಳಗೆ ಅದು ಡಾಂಬರಿನಂತೆ ಗಟ್ಟಿಯಾಗುತ್ತದೆ. ಪಂಪ್ ಎಳೆಯುವುದಿಲ್ಲ, ಬೇರಿಂಗಿಗೆ ಹನಿ ತಲುಪುವುದಿಲ್ಲ, ಪ್ರೊಪೆಲ್ಲರಂತೂ ಕೈಗೆ ಅಲ್ಲಾಡುವುದೇ ಇಲ್ಲ.

ಕ್ರಮ ಹೀಗೆ: ಸಂಜೆ ಇಳಿದ ತಕ್ಷಣ, ಆಯಿಲ್ ಇನ್ನೂ ಬಿಸಿಯಾಗಿ ನೀರಾಗಿರುವಾಗಲೇ ಡ್ರೈನ್ ಕಾಕ್ ತೆಗೆದು ಶುಭ್ರವಾದ ಬಕೆಟ್ಟಿಗೆ ಇಳಿಸಬೇಕು. ಹತ್ತು ನಿಮಿಷ ತಡಮಾಡಿದರೂ ಅರ್ಧ ಆಯಿಲ್ ಒಳಗೇ ಅಂಟಿಕೊಳ್ಳುತ್ತದೆ. ಬಕೆಟ್ಟಿಗೆ ಮುಚ್ಚಳ ಹಾಕಿ ಗುಡಿಸಲೊಳಗೆ ಒಯ್ಯಬೇಕು. ಹಿಮದ ಪುಡಿ ಒಂದು ಹಿಡಿ ಬಿದ್ದರೂ ನಾಳೆ ಅದು ಆಯಿಲ್‌ನಲ್ಲಿ ನೀರು. ಎಂಜಿನ್ ಮತ್ತು ರೆಕ್ಕೆಗೆ ಹೊದಿಕೆ. ಬರಿಯ ರೆಕ್ಕೆಯ ಮೇಲೆ ಕಟ್ಟಿದ ಇಬ್ಬನಿ ಉಪ್ಪುಕಾಗದದಷ್ಟು ತೆಳುವಾಗಿದ್ದರೂ ವಿಮಾನ ಏಳುವುದಕ್ಕೆ ಅಡ್ಡಿ. ಅದನ್ನು ಹಗ್ಗದಿಂದ ಉಜ್ಜಿ ತೆಗೆಯಬೇಕು.

ಬೆಳಿಗ್ಗೆ ಎಂಜಿನ್ ಮೇಲಿಂದ ಹಿಮದವರೆಗೆ ಇಳಿಬೀಳುವ ದಪ್ಪ ಕ್ಯಾನ್ವಾಸ್ ಗುಡಾರ ಹೊದಿಸಿ, ಒಳಗೆ ಪೆಟ್ರೋಲ್ ಬ್ಲೋ ಲ್ಯಾಂಪ್ ಹಚ್ಚುತ್ತಿದ್ದರು. ಒಂದು ಗಂಟೆ, ಚಳಿ ಜಾಸ್ತಿ ಇದ್ದರೆ ಎರಡು. ಅಷ್ಟು ಹೊತ್ತೂ ಒಬ್ಬ ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಗುಡಾರದೊಳಗೇ ಕೂರಬೇಕು, ಎದ್ದು ಕಾಫಿಗೆ ಹೋಗುವಂತಿಲ್ಲ. ಎಂಜಿನ್‌ನಿಂದ ಸೋರುವ ಪೆಟ್ರೋಲ್, ಕೆಳಗೆ ತೆರೆದ ಜ್ವಾಲೆ, ಸುತ್ತ ಆಯಿಲ್ ಕುಡಿದ ಕ್ಯಾನ್ವಾಸ್. ಹಾರುವ ಮೊದಲೇ ಸುಟ್ಟುಹೋದ ವಿಮಾನಗಳಿವೆ. ಅತ್ತ ಒಲೆಯ ಮೇಲೆ ಆಯಿಲ್ ಕೈ ಸುಡುವಷ್ಟು ಕಾದರೆ ಸಾಕು. ಹೊಗೆಯಾಡಿದರೆ ಹಾಳು, ಉಕ್ಕಿದರೆ ಗುಡಿಸಲಿಗೇ ಬೆಂಕಿ. ಎಂಜಿನ್ ಬೆಚ್ಚಗಾದ ಮೇಲೆ, ಕೊನೆಯ ಗಳಿಗೆಯಲ್ಲಿ ಸುರಿದು, ಗುಡಾರ ಎಳೆದು, ತಕ್ಷಣ ಸ್ಟಾರ್ಟ್. ಮೊದಲ ಪ್ರಯತ್ನಕ್ಕೆ ಹತ್ತದಿದ್ದರೆ ಮತ್ತೆ ಡ್ರೈನ್ ಕಾಕ್‌ನಿಂದ ಶುರು.

ಆಮೇಲೆ ‘ಆಯಿಲ್ ಡೈಲ್ಯೂಷನ್’ ಬಂತು. ಎಂಜಿನ್ ನಿಲ್ಲಿಸುವ ಮುಂಚೆ ಕೆಲವು ನಿಮಿಷ ಪೆಟ್ರೋಲನ್ನೇ ಆಯಿಲ್‌ಗೆ ಬೆರೆಸಿ ತೆಳು ಮಾಡುವುದು. ಮರುದಿನ ಎಂಜಿನ್ ಕಾದಂತೆ ಪೆಟ್ರೋಲ್ ಆವಿಯಾಗುತ್ತದೆ. ಅತಿಯಾದರೆ ಆಯಿಲ್ ನೊರೆಯೆದ್ದು, ಎಂಜಿನ್ ಒಳಗಿನ ಆವಿಯನ್ನು ಹೊರಬಿಡುವ ಬ್ರೀದರ್ ಕೊಳವೆಯಿಂದ ಹೊರಗೆ ಚೆಲ್ಲುತ್ತದೆ. ಅದೇ ಬ್ರೀದರಿನ ತುದಿಯಲ್ಲಿ ಆವಿ ಹೆಪ್ಪುಗಟ್ಟಿ ಬಾಯಿ ಮುಚ್ಚಿದರೆ ಇನ್ನೊಂದು ಪೀಡೆ: ಒಳಗಿನ ಒತ್ತಡ ಏರಿ, ಪ್ರೊಪೆಲ್ಲರ್ ಹಿಂದಿನ ಸೀಲ್ ಕಿತ್ತು ಆಯಿಲೆಲ್ಲ ಮುಂದಿನ ಗಾಜಿಗೆ. ಅದಕ್ಕೆ ಮದ್ದು ಸುಲಭ. ಕೊಳವೆ ಎಂಜಿನ್ ಕವಚದೊಳಗೆ ಬೆಚ್ಚಗಿರುವ ಕಡೆ ಇನ್ನೊಂದು ಸಣ್ಣ ತೂತು.

ಸ್ಕೀಗಳನ್ನೂ ಹೇಳಿಬಿಡಬೇಕು. ಇಳಿದಾಗ ಉಜ್ಜಿ ಬಿಸಿಯಾದ ಸ್ಕೀ ಕೆಳಗಿನ ಹಿಮ ಕರಗಿ, ನಿಂತಲ್ಲೇ ಹೆಪ್ಪುಗಟ್ಟಿ ಅಂಟಿಕೊಳ್ಳುತ್ತದೆ. ಸ್ಪ್ರೂಸ್ ಮರದ ಕೊಂಬೆಗಳನ್ನೋ ಗಳುಗಳನ್ನೋ ಹಾಸಿ ಅವುಗಳ ಮೇಲೆ ಹತ್ತಿಸಿ ನಿಲ್ಲಿಸಬೇಕು. ಅಂಟಿದ್ದರೆ ಮರದ ಸುತ್ತಿಗೆಯಲ್ಲಿ ತಟ್ಟಿ, ಬಾಲ ಹಿಡಿದು ಅತ್ತಿತ್ತ ಅಲ್ಲಾಡಿಸಿ ಬಿಡಿಸಬೇಕೇ ಹೊರತು ಎಂಜಿನ್ ಜೋರು ಮಾಡಿ ಕಿತ್ತುಕೊಳ್ಳಲು ಹೋಗಬಾರದು. ಒಂದು ಸ್ಕೀ ಬಿಟ್ಟು ಇನ್ನೊಂದು ಹಿಡಿದರೆ ವಿಮಾನದ ಕಾಲು ಮುರಿಯುತ್ತದೆ.

ಪ್ರ: ನಮ್ಮದು ಮೀನುಗಾರಿಕೆಯ ದೋಣಿ. ಎರಡು ತಗಡಿನ ಫ್ಲೋಟ್ ಮೇಲೆ ಎರಡು ಟನ್ ವಿಮಾನ ನಿಲ್ಲುವುದು ಹೇಗೆ? ಸೋರಿದರೆ? (ಮಲ್ಪೆ)

ಉ: ಲೆಕ್ಕ ನಿಮಗೆ ತಕ್ಷಣ ಹಿಡಿಯುತ್ತದೆ. ಫ್ಲೋಟ್‌ಗಳು ಒಟ್ಟಾಗಿ ವಿಮಾನದ ತೂಕದ 1.8 ಪಟ್ಟು ನೀರನ್ನು ತಳ್ಳುವಷ್ಟು ದೊಡ್ಡದಿರಬೇಕು ಎಂಬುದು ನಿಯಮ. ಫ್ಲೋಟ್ ಕಟ್ಟಿದ ಬೀವರ್‌ನ ಗರಿಷ್ಠ ತೂಕ 5,090 ಪೌಂಡ್. ಅದಕ್ಕೆ ಕಟ್ಟುತ್ತಿದ್ದ ಎಡೊ ಕಂಪನಿಯ ಫ್ಲೋಟ್ ಮಾದರಿಯ ಹೆಸರು 4580, ಅಂದರೆ ಒಂದೊಂದೂ ಹೊರುವುದು 4,580 ಪೌಂಡ್. ಎರಡು ಸೇರಿ 9,160. ಭಾಗಿಸಿ ನೋಡಿ, 1.8 ಬರುತ್ತದೆ.

ಫ್ಲೋಟ್ ಒಳಗೆ ಅಡ್ಡಗೋಡೆ ಹಾಕಿ ನೀರು ದಾಟದ ಕೋಣೆಗಳು. ಪ್ರತಿ ಕೋಣೆಗೂ ತಳಕ್ಕೆ ಇಳಿದ ಕೊಳವೆ, ಮೇಲೆ ರಬ್ಬರ್ ಚೆಂಡಿನ ಬಿರಡೆ. ಬೆಳಿಗ್ಗೆ ಚೆಂಡು ತೆಗೆದು, ಕೈಪಂಪಿನಲ್ಲಿ ಪ್ರತಿ ಕೋಣೆಗೂ ಎಷ್ಟು ಸಲ ಎಳೆದರೆ ನೀರು ಮುಗಿಯಿತು ಎಂದು ಎಣಿಸಬೇಕು. ನಾಲ್ಕೈದು ಎಳೆತ ಯಾವಾಗಲೂ ಇದ್ದದ್ದೇ. ನಿನ್ನೆ ಐದು, ಇವತ್ತು ನಲವತ್ತು ಎಂದರೆ ಆ ಕೋಣೆಯ ತಳದಲ್ಲಿ ರಿವೆಟ್ ಸಡಿಲಾಗಿದೆ, ಇಲ್ಲವೆ ಬಂಡೆ ತಾಗಿದೆ. ಹಿಂದಿನ ಕೋಣೆಯ ನೀರು ಅತಿ ಅಪಾಯಕಾರಿ. ಲೀಟರಿಗೆ ಒಂದು ಕಿಲೋ ಲೆಕ್ಕದಲ್ಲಿ ಬಾಲ ಭಾರವಾಗಿ, ವಿಮಾನ ಮೂಗೆತ್ತಿಕೊಂಡು ನೀರನ್ನು ಉಳುತ್ತಲೇ ಹೋಗುತ್ತದೆ, ಏಳುವುದಿಲ್ಲ.

ಫ್ಲೋಟಿನ ತಳದಲ್ಲಿ, ನಡುವೆ ಒಂದು ಮೆಟ್ಟಿಲಿನಂಥ ಕಟಾವು ಇರುತ್ತದೆ. ನಿಮ್ಮ ದೋಣಿಗೆ ಅದು ಬೇಡ, ವಿಮಾನಕ್ಕೆ ಅದಿಲ್ಲದೆ ನಡೆಯದು. ವೇಗ ಬಂದಾಗ ಅಲ್ಲಿ ಗಾಳಿ ನುಗ್ಗಿ ನೀರಿನ ಹಿಡಿತ ಬಿಡುತ್ತದೆ. ಹಿಂಬದಿಯ ಚುಕ್ಕಾಣಿಯನ್ನು ನಿಧಾನವಾಗಿ ಸಾಗುವಾಗ ಇಳಿಸಬೇಕು. ಏರುವಾಗ ಮತ್ತು ಇಳಿಯುವಾಗ ಎತ್ತಿಡಬೇಕು.

ಪ್ರ: ಅಲೆಯೇ ಇಲ್ಲದ ನೀರಿನ ಮೇಲೆ ಇಳಿಯುವುದು ಅತಿ ಸುಲಭ ಅಲ್ಲವೇ? (ಬೆಳಗಾವಿ)

ಉ: ಅತಿ ಕಷ್ಟ. ಕನ್ನಡಿಯಂಥ ನೀರಿನಲ್ಲಿ ಕಾಣುವುದು ಆಕಾಶ, ನೀರಲ್ಲ. ಐವತ್ತು ಅಡಿ ಮೇಲಿದ್ದೇನೆ ಎಂದುಕೊಂಡವನು ಐದೇ ಅಡಿ ಮೇಲಿರಬಹುದು. ನುರಿತವರೂ ನೇರ ನೀರಿಗೆ ಹೊಡೆದಿದ್ದಾರೆ. ಆದ್ದರಿಂದ ನೀರನ್ನು ನೋಡಿ ಇಳಿಯುವ ಆಸೆಯನ್ನೇ ಬಿಡಬೇಕು. ದಡಕ್ಕೆ ಸಮಾನಾಂತರವಾಗಿ, ಮರಗಳು ಕಣ್ಣಂಚಿನಲ್ಲಿ ಇರುವಂತೆ ಬಂದು, ಮೂಗು ತುಸು ಎತ್ತಿ, ಎಂಜಿನ್ ಶಕ್ತಿ ಬಿಡದೆ, ನಿಮಿಷಕ್ಕೆ ಸುಮಾರು 150 ಅಡಿ ಇಳಿಯುವಂತೆ ಹಿಡಿದು, ಫ್ಲೋಟ್ ತಾನಾಗಿ ತಾಗುವವರೆಗೆ ಕಾಯಬೇಕು. ಇದಕ್ಕೆ ಉದ್ದ ಸರೋವರ ಬೇಕು. ಚಳಿಗಾಲದಲ್ಲಿ ಬಿಳಿ ಹಿಮ, ಬಿಳಿ ಆಕಾಶ ಒಂದಾದಾಗಲೂ ಇದೇ ಫಜೀತಿ. ಆಗ ಮೊದಲ ಸುತ್ತಿನಲ್ಲಿ ಸ್ಪ್ರೂಸ್ ಕೊಂಬೆಗಳನ್ನು ಕೆಳಗೆ ಎಸೆದು, ಆ ಕಪ್ಪು ಗುರುತು ನೋಡಿಕೊಂಡು ಇಳಿಯುತ್ತಿದ್ದರು.

ಪ್ರ: ಸ್ಟಾರ್ಟ್ ಮಾಡುವ ಮೊದಲು ಪ್ರೊಪೆಲ್ಲರನ್ನು ಕೈಯಲ್ಲಿ ತಿರುಗಿಸುವುದು ಎಂಜಿನ್ ಬೆಚ್ಚಗಾಗಲಿ ಎಂದೇ? (ಎಡ್ಮಂಟನ್‌ನ ಕನ್ನಡಿಗರೊಬ್ಬರು)

ಉ: ಅಲ್ಲ. ವಾಸ್ಪ್ ಜೂನಿಯರ್‌ನ ಒಂಬತ್ತು ಸಿಲಿಂಡರುಗಳು ಸೂರ್ಯನ ಕಿರಣದಂತೆ ಸುತ್ತಲೂ ಇರುತ್ತವೆ. ಎಂಜಿನ್ ನಿಂತ ಮೇಲೆ ಆಯಿಲ್ ಜಿನುಗಿ ಕೆಳಗಿನ ಸಿಲಿಂಡರುಗಳಲ್ಲಿ ಸೇರುತ್ತದೆ. ಆಯಿಲನ್ನು ಹಿಂಡಲಾಗದು. ಸ್ಟಾರ್ಟರ್ ಬಲವಂತ ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಅವತ್ತೇ ಮುರಿದರೆ ಪುಣ್ಯ. ಬಾಗಿದ ರಾಡ್ ಎಷ್ಟೋ ಗಂಟೆ ದುಡಿದು, ಕಾಡಿನ ಮೇಲೆ ಮುರಿಯುವುದೂ ಉಂಟು.

ಪ್ಲಗ್ಗಿಗೆ ಕಿಡಿ ಕೊಡುವ ಮ್ಯಾಗ್ನೆಟೋದ ಸ್ವಿಚ್ ಆಫ್ ಇದೆ ಎಂದು ನೋಡಿಯೂ, ಆನ್ ಇದೆ ಎಂದೇ ಭಾವಿಸಿ ಪ್ರೊಪೆಲ್ಲರ್ ಮುಟ್ಟಬೇಕು. ಅದರ ಅರ್ತ್ ತಂತಿ ಕಡಿದಿದ್ದರೆ ಕಿಡಿ ಹಾರುತ್ತದೆ. ಹಾರಾಟದ ದಿಕ್ಕಿನಲ್ಲೇ ಕನಿಷ್ಠ ಎರಡು ಪೂರ್ತಿ ಸುತ್ತು, ಅಂದರೆ ಎರಡು ಅಲಗಿನ ಪ್ರೊಪೆಲ್ಲರಾದರೆ ನಾಲ್ಕು ಅಲಗು ದಾಟಿಸಬೇಕು. ನಡುವೆ ಗಟ್ಟಿಯಾಗಿ ತಡೆದರೆ ಅಲ್ಲೇ ಬಿಡಿ, ಕೆಳಗಿನ ಸಿಲಿಂಡರುಗಳ ಸ್ಪಾರ್ಕ್ ಪ್ಲಗ್ ಬಿಚ್ಚಿ ಆಯಿಲ್ ಸುರಿಸಿ. ಹಿಂದಕ್ಕೆ ತಿರುಗಿಸಿ ‘ಬಿಡಿಸುವ’ ಜಾಣತನ ಬೇಡ. ಆಯಿಲ್ ಇನ್‌ಟೇಕ್ ಕೊಳವೆಗೆ ಹೋಗಿ ಕೂತು, ಸ್ಟಾರ್ಟ್ ಆದ ಕೂಡಲೇ ಮತ್ತೆ ಸಿಲಿಂಡರಿಗೇ ಬರುತ್ತದೆ.

ಪ್ರ: ಕಾಡಿನಲ್ಲಿ ಪೆಟ್ರೋಲ್ ಬಂಕ್? (ಹಾಸನ)

ಉ: ದಡದಲ್ಲಿ ಮೊದಲೇ ತಂದಿಟ್ಟ ಡ್ರಮ್ಮುಗಳು. ಬೀವರ್ ಗಂಟೆಗೆ ಸುಮಾರು 90 ಲೀಟರ್ ಕುಡಿಯುತ್ತದೆ, ಅಂದರೆ ಒಂದು ಡ್ರಮ್ಮಿಗೆ ಎರಡು ಗಂಟೆ ಚಿಲ್ಲರೆ. ಡ್ರಮ್ಮನ್ನು ನೆಟ್ಟಗೆ ನಿಲ್ಲಿಸಿದರೆ ಮೇಲೆ ಮಳೆನೀರು ನಿಂತು, ರಾತ್ರಿ ಒಳಗಿನ ಗಾಳಿ ಕುಗ್ಗಿದಾಗ ಬಿರಡೆಯ ಸಂದಿನಿಂದ ಒಳಗೆ ಎಳೆದುಕೊಳ್ಳುತ್ತದೆ. ಮಲಗಿಸಿ, ಎರಡೂ ಬಿರಡೆ ಒಂದೇ ಮಟ್ಟದಲ್ಲಿ ಬರುವಂತೆ ಇಡಬೇಕು. ತುಂಬಿಸುವ ಮೊದಲು ಎತ್ತಿ ನಿಲ್ಲಿಸಿ, ಕಸ ಮತ್ತು ನೀರು ತಳ ಸೇರುವವರೆಗೆ ಬಿಟ್ಟು, ಪಂಪಿನ ಕೊಳವೆಯನ್ನು ತಳ ಮುಟ್ಟಿಸದೆ ಎಳೆಯಬೇಕು. ಲಾಳಿಕೆಗೆ ಮೆತ್ತನೆಯ ಶಾಮಿ ಚರ್ಮ ಹಾಸಿ ಸೋಸುತ್ತಿದ್ದರು. ಪೆಟ್ರೋಲಿನಲ್ಲಿ ನೆನೆದ ಆ ಚರ್ಮ ನೀರನ್ನು ಬಿಡದು. ಒಣ ಚಳಿಯಲ್ಲಿ ಸ್ಥಾಯಿ ವಿದ್ಯುತ್ ಸೇರಿಕೊಳ್ಳುವುದರಿಂದ ಡ್ರಮ್, ಪಂಪ್, ವಿಮಾನ ಮೂರನ್ನೂ ತಂತಿಯಿಂದ ಮೊದಲೇ ಜೋಡಿಸಬೇಕು.

ಪ್ರ: ನಮ್ಮ ಎಚ್‌ಎಎಲ್ ‘ಪುಷ್ಪಕ್’ ಇಂಥ ಕೆಲಸಕ್ಕೆ ಆಗುತ್ತಿರಲಿಲ್ಲವೇ? (ಬೆಂಗಳೂರು)

ಉ: ಇಲ್ಲ. 1958ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಹಾರಿದ ಪುಷ್ಪಕ್‌ಗೆ 90 ಅಶ್ವಶಕ್ತಿ, ಎರಡು ಸೀಟು. ಅದು ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಕಲಿಯುವವರ ವಿಮಾನ, ಮತ್ತು ಆ ಕೆಲಸಕ್ಕೆ ಒಳ್ಳೆಯದೇ. ಬೀವರ್‌ನ ಅಣ್ಣನಂತಿರುವ ‘ಆಟರ್’ ಮಾತ್ರ ಭಾರತಕ್ಕೂ ಬಂತು. 1951ರ ಡಿಸೆಂಬರ್ 12ರಂದು ಮೊದಲು ಹಾರಿದ ಈ 600 ಅಶ್ವಶಕ್ತಿಯ ವಿಮಾನವನ್ನು ನಮ್ಮ ವಾಯುಪಡೆ ಬಳಸಿತು. 41ನೇ ಸ್ಕ್ವಾಡ್ರನ್‌ಗೆ ‘ಆಟರ್ಸ್’ ಎಂಬ ಹೆಸರು ಅದರಿಂದಲೇ.

ಪ್ರ: ಬೀವರ್‌ಗೆ ಹಾರುತ್ತಿರುವಾಗಲೇ ಆಯಿಲ್ ಹಾಕಬಹುದಂತೆ, ನಿಜವೇ? ಈಗಲೂ ಹಾರುತ್ತವೆಯೇ? (ಕಲಬುರಗಿ)

ಉ: ಎರಡೂ ನಿಜ. ವ್ಯಾಂಕೂವರ್ ಬಂದರಿನಲ್ಲಿ ಇವತ್ತಿಗೂ ಪ್ರಯಾಣಿಕರನ್ನು ಕೂರಿಸಿಕೊಂಡು ಏಳುತ್ತವೆ. ಅಲ್ಲಿನ ಹಾರ್ಬರ್ ಏರ್ ಕಂಪನಿ 2019ರ ಡಿಸೆಂಬರ್ 10ರಂದು ಒಂದು ಬೀವರ್‌ಗೆ ವಿದ್ಯುತ್ ಮೋಟಾರ್ ಕೂರಿಸಿಯೂ ಹಾರಿಸಿತು. ಆಯಿಲ್ ತುಂಬುವ ಬಾಯಿ ಹಳೆಯ ಎಂಜಿನ್‌ನ ಬೀವರ್‌ಗಳಲ್ಲಿ ಕಾಕ್‌ಪಿಟ್ ಒಳಗೇ, ಬಲಗಡೆ ಕೂತವರ ಕಾಲಿನ ಹತ್ತಿರ ಇರುತ್ತದೆ. ಮುಂದಿನ ಸೀಟು ಸಿಕ್ಕರೆ ಆ ಮುಚ್ಚಳಕ್ಕೆ ಬೂಟು ತಾಗಿಸಬೇಡಿ.