ಹಳ್ಳಿಯಲ್ಲೇ ಇದ್ದು ಜನಪದ ಕಲೆ, ಸಾಕ್ಷ್ಯಚಿತ್ರದ ಕೆಲಸ ಮಾಡಿ ಬದುಕಬಹುದಾ?

ಪತ್ರಿಕೋದ್ಯಮ ಓದಿದ್ದೀರಿ, ಊರು ಕೊಪ್ಪಳದ ಕಡೆ. ಬೆಂಗಳೂರಿಗೆ ಹೋಗದೆ ಕಲಾವಿದರ ಜೊತೆ ಕೆಲಸ ಮಾಡುತ್ತಾ, ಸಾಕ್ಷ್ಯಚಿತ್ರ ತೆಗೆಯುತ್ತಾ ಜೀವನ ನಡೆಸಬಹುದಾ ಅಂತ ಕೇಳಿದ್ದೀರಿ. ನಡೆಸಬಹುದು. ನಾನು ನಿಮ್ಮ ಭಾಗದಲ್ಲೇ ಇದ್ದು ಇದೇ ಕೆಲಸ ಮಾಡುತ್ತಿದ್ದೇನೆ. ಆದರೆ ಕ್ಯಾಮೆರಾ ಹಿಡಿಯುವುದು ಇದರಲ್ಲಿ ಸಣ್ಣ ಪಾಲು. ಮೇಳದವರ ಕಾಗದಪತ್ರ, ಕರೆಂಟು, ಊಟ, ಗಾಡಿ ಬಾಡಿಗೆ, ಇದೆಲ್ಲ ನೋಡಿಕೊಳ್ಳುವವರು ಯಾರೂ ಇರಲ್ಲ. ಅದನ್ನು ಮಾಡುವವರ ಕ್ಯಾಮೆರಾ ಮುಂದೆ ಮಾತ್ರ ಜನ ಮನಸ್ಸು ಬಿಚ್ಚಿ ಮಾತಾಡುತ್ತಾರೆ.

ವಯಸ್ಸಾದ ಕಲಾವಿದರಿಗೆ ಸರ್ಕಾರ ತಿಂಗಳು ತಿಂಗಳು ಕೊಡುವ ಮಾಸಾಶನದ ವಿಷಯವನ್ನೇ ತಗೊಳ್ಳಿ. ಒಬ್ಬರು ಬಾಲ್ಯದಿಂದ ಬಯಲಾಟದಲ್ಲಿ ಕುಣಿದಿರುತ್ತಾರೆ. ಅರ್ಜಿ ಹಾಕಲು ಹೋದರೆ ಇಷ್ಟು ವರ್ಷ ಆಡಿದ್ದಕ್ಕೆ ದಾಖಲೆ ಕೇಳುತ್ತಾರೆ. ಕರಪತ್ರ ಗೆದ್ದಲು ತಿಂದಿರುತ್ತದೆ, ಫೋಟೊ ಯಾರೂ ತೆಗೆದಿರಲ್ಲ. ಆಧಾರ್ ಕಾರ್ಡಿನಲ್ಲಿ ಹುಟ್ಟಿದ ವರ್ಷ ಬೇರೆಯೇ ಇರುತ್ತದೆ. ಅಂಥ ಮನೆಗೆ ಹೋದಾಗ ಮೊದಲು ಟ್ರಂಕಿನಲ್ಲಿರುವ ಕಾಗದಗಳನ್ನು ಸ್ಕ್ಯಾನ್ ಮಾಡಿಕೊಡಿ. ನೀವು ಚಿತ್ರೀಕರಿಸಿದ ಪ್ರತಿ ಆಟದ ಕರಪತ್ರವನ್ನೂ ನಾಲ್ಕು ಫೋಟೊಗಳನ್ನೂ ತಾರೀಖು ಹಾಕಿ ಅವರ ಕೈಗೆ ಕೊಡಿ. ನಿಮ್ಮ ಚಿತ್ರಕ್ಕೆ ಪ್ರಶಸ್ತಿ ಬರುತ್ತೋ ಇಲ್ಲವೋ, ಆ ಕಾಗದದಿಂದ ಒಂದು ಮನೆಗೆ ತಿಂಗಳು ತಿಂಗಳು ದುಡ್ಡು ಬರಬಹುದು. ಇದು ಸಣ್ಣ ಕೆಲಸ ಅಂತ ನಾನು ಯಾವತ್ತೂ ಅಂದುಕೊಂಡಿಲ್ಲ.

ಇನ್ನು ಚಿತ್ರೀಕರಣ. ನಮ್ಮ ಭಾಗದಲ್ಲಿ ತೊಗಲುಗೊಂಬೆ ಆಟ, ಅಂದರೆ ಬಣ್ಣದ ಚರ್ಮದ ಗೊಂಬೆಗಳನ್ನು ಬೆಳಕು ಬಿಟ್ಟ ಪರದೆಯ ಹಿಂದೆ ಕುಣಿಸುವ ಆಟ, ಇನ್ನೂ ಇದೆ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಿದ್ದು ನಿಮಗೂ ಗೊತ್ತಿರಬಹುದು. ಈ ಆಟ ತೆಗೆಯುವುದು ನೋಡಿದಷ್ಟು ಸುಲಭ ಅಲ್ಲ. ಸುತ್ತ ಕತ್ತಲು, ಪರದೆ ಮಾತ್ರ ಬೆಳಕು. ಕ್ಯಾಮೆರಾವನ್ನು ಆಟೊ ಮೋಡ್‌ನಲ್ಲಿ ಬಿಟ್ಟರೆ ಪರದೆ ಪೂರ್ತಿ ಬೆಳ್ಳಗಾಗಿ ಗೊಂಬೆಯ ಕೆಂಪು, ಹಸಿರು ಎಲ್ಲ ಮಾಯ. ಎಕ್ಸ್‌ಪೋಶರ್ ಅನ್ನು, ಅಂದರೆ ಕ್ಯಾಮೆರಾ ಎಷ್ಟು ಬೆಳಕು ತೆಗೆದುಕೊಳ್ಳಬೇಕು ಅನ್ನುವುದನ್ನು, ಪರದೆಗೆ ಹೊಂದಿಸಿ ಲಾಕ್ ಮಾಡಿ. ಈಗ ಹಿಂದೆ ಎಲ್‌ಇಡಿ ಬಲ್ಬ್ ಹಾಕಿರುತ್ತಾರೆ, ವಿಡಿಯೊದಲ್ಲಿ ಕಪ್ಪು ಪಟ್ಟಿ ಓಡಾಡುತ್ತದೆ. ನಮ್ಮ ಕರೆಂಟು 50 ಹರ್ಟ್ಜ್, ಹಾಗಾಗಿ ಸೆಕೆಂಡಿಗೆ 25 ಫ್ರೇಮ್, ಶಟರ್ ವೇಗ 1/50 ಸೆಕೆಂಡ್ ಇಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ. ರೆಕಾರ್ಡರ್ ಪರದೆ ಹಿಂದೆ ಇರಲಿ, ಹಾರ್ಮೋನಿಯಂನಿಂದ ಸ್ವಲ್ಪ ದೂರ. ಇಲ್ಲದಿದ್ದರೆ ಮಾತೇ ಕೇಳಲ್ಲ.

ಒಂದು ರಾತ್ರಿಯಾದರೂ ಪೂರ್ತಿ ಪರದೆ ಹಿಂದೆಯೇ ಕೂತು ತೆಗೆಯಿರಿ. ಒಬ್ಬರೇ ಕೂತು ರಾವಣನಿಗೂ ಸೀತೆಗೂ ದನಿ ಕೊಡುತ್ತಿರುತ್ತಾರೆ. ಪಕ್ಕದಲ್ಲಿ ಹೆಂಗಸರು ಹಾಡುತ್ತಾ, ಮುಂದಿನ ಪ್ರವೇಶಕ್ಕೆ ಗೊಂಬೆ ಎತ್ತಿಕೊಡುತ್ತಾ ಇರುತ್ತಾರೆ. ಎದುರಿಗೆ ಕೂತವರಿಗೆ ಅವರು ಕಾಣುವುದೇ ಇಲ್ಲ. ಆ ಚಿತ್ರವನ್ನು ಅದೇ ಊರಿನಲ್ಲಿ, ಅದೇ ಬಿಳಿ ಬಟ್ಟೆಯ ಮೇಲೆ ಮೊದಲು ತೋರಿಸಿ. ತಮ್ಮ ಓಣಿಯ ಹೆಣ್ಣುಮಗಳು ಹಾಡುವುದನ್ನು ಊರು ಕಣ್ಣಾರೆ ನೋಡಬೇಕು. ಚಿತ್ರೋತ್ಸವಗಳಿಗೆ ಆಮೇಲೆ ಕಳಿಸಿ.

ಇಡೀ ಪ್ರಸಂಗವನ್ನು ಸುಮ್ನೆ ಯೂಟ್ಯೂಬಿಗೆ ಹಾಕಬೇಡಿ. ಎಲ್ಲ ಮೊಬೈಲಿನಲ್ಲೇ ಸಿಕ್ಕರೆ ನಮ್ಮನ್ನು ಯಾರು ಕರೆಸುತ್ತಾರೆ ಅಂತ ಮೇಳದವರು ಕೇಳುತ್ತಾರೆ, ಆ ಮಾತು ನ್ಯಾಯವೇ ಅಲ್ವಾ? ಎಷ್ಟು ನಿಮಿಷ ಹಾಕಬಹುದು, ಯಾವ ಭಾಗ ಬೇಡ ಅಂತ ಕೂತು ಮಾತಾಡಿ, ಬರೆದಿಟ್ಟುಕೊಳ್ಳಿ.

ದುಡ್ಡಿನ ವಿಷಯ. ತಿಂಗಳ ಸಂಬಳ ನೆಚ್ಚಿಕೊಂಡು ಬರಬೇಡಿ. ಮದುವೆ ವಿಡಿಯೊ, ಶಾಲೆಗಳಲ್ಲಿ ಕಾರ್ಯಾಗಾರ, ದಾಖಲೀಕರಣದ ಯೋಜನೆ, ಹೀಗೆ ಕೂಡಿಸಿಕೊಂಡೇ ವರ್ಷ ತೂಗಿಸಬೇಕು. ಒಂದು ಸಂಘ ಇದ್ದರೆ ಒಳ್ಳೆಯದು. ಅದನ್ನು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿ. ಪ್ರತಿ ವರ್ಷ ಆಡಿಟ್ ತಪ್ಪಿಸಬೇಡಿ, ಧನಸಹಾಯದ ಅರ್ಜಿಗೆ ಮೊದಲು ಕೇಳುವುದೇ ಅದನ್ನು. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್‌ನವರು 1995ರಿಂದ ಕಲೆಯ ಯೋಜನೆಗಳಿಗೆ ಅನುದಾನ ಕೊಡುತ್ತಿದ್ದಾರೆ. ಅವರಿಗೆ ಕನ್ನಡದಲ್ಲೇ ಪ್ರಸ್ತಾವ ಬರೆಯಬಹುದು, ಇಂಗ್ಲಿಷ್ ಬರಲ್ಲ ಅಂತ ಹಿಂಜರಿಯಬೇಡಿ. ಬಜೆಟ್ ಬರೆಯುವಾಗ ಕಲಾವಿದರ ಸಂಭಾವನೆಯನ್ನು ಮೊದಲ ಸಾಲಿನಲ್ಲಿ ಹಾಕಿ, ನಿಮ್ಮ ಕ್ಯಾಮೆರಾ ಬಾಡಿಗೆ ಅದರ ಕೆಳಗೆ ಬರಲಿ.

ಹಳ್ಳಿಯಲ್ಲಿ ಇದೆಲ್ಲ ನಡೆಯುತ್ತಾ ಅನ್ನುವ ಅನುಮಾನ ಇದ್ದರೆ ಸಾಗರ ತಾಲ್ಲೂಕಿನ ಹೆಗ್ಗೋಡಿಗೆ ಒಮ್ಮೆ ಹೋಗಿ ಬನ್ನಿ. ಅಲ್ಲಿ 1949ರಲ್ಲಿ ನೀನಾಸಂ ಅನ್ನುವ ನಾಟಕ ಸಂಘ ಶುರುವಾಯಿತು. 1973ರಲ್ಲಿ ಚಿತ್ರಸಮಾಜ ಕಟ್ಟಿ ಹಳ್ಳಿಯವರಿಗೆ ಜಗತ್ತಿನ ಸಿನಿಮಾ ತೋರಿಸಿದರು, 1980ರಲ್ಲಿ ರಂಗಶಿಕ್ಷಣ ಕೇಂದ್ರ ಬಂತು. ನಾಟಕ ಮಾಡುವ ಆಸೆ ಇಲ್ಲದಿದ್ದರೂ ಒಂದು ಸಂಸ್ಥೆ ಊರಿನವರನ್ನು ಜೊತೆಗಿಟ್ಟುಕೊಂಡು ಹೇಗೆ ನಡೆಯುತ್ತದೆ ಅಂತ ನೋಡಬಹುದು.

ಈ ವರ್ಷ ಹೊಸ ಕ್ಯಾಮೆರಾ ಕೊಳ್ಳಬೇಡಿ. ಇರುವ ಮೊಬೈಲು, ಒಂದು ಒಳ್ಳೆಯ ರೆಕಾರ್ಡರ್ ಸಾಕು. ನಿಮ್ಮೂರಿಗೆ ಹತ್ತಿರದ ಒಂದೇ ಮೇಳ ಹಿಡಿದು ಜಾತ್ರೆಗಳು ಮುಗಿಯುವವರೆಗೆ ಅವರ ಜೊತೆ ತಿರುಗಿ. ಪೆಟ್ಟಿಗೆ ಹೊರಲು ಕೈ ಜೋಡಿಸಿ, ಅವರ ಅರ್ಜಿಗಳನ್ನು ಬರೆದುಕೊಡಿ. ಯಾವುದಾದರೂ ಅರ್ಜಿ ತುಂಬುವಾಗ ಗೊಂದಲ ಆದರೆ ಇಲ್ಲೇ ಕೇಳಿ, ಗೊತ್ತಿರುವಷ್ಟು ಹೇಳುತ್ತೇನೆ.